ಬಸ್ಸಿಗೆಂದು ಹಾಸಿದ ಹುರುಳಿ

ಯಾರಿಗೂ ಕೆಡುಕು ಬಯಸದೆಯೇ ಪರರ ಕೈಕಾಲು ಮುರಿಯುವವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಲಾಯರಾದ ನನ್ನ ಯೋಗವೇ ಅಂಥದ್ದು. ಬೆಳಿಗ್ಗೆ ಅರಕಲಗೂಡು ಕೋರ್ಟು, ಮಧ್ಯಾಹ್ನ ಹೊಳೆನರಸೀಪುರ, ನಡುವೆ ಸ್ಕೂಟರ್ ನಿಲ್ಲಿಸದೆ ಬಾಳೆಹಣ್ಣಿನ ಊಟ. ಕೂತು ಉಸಿರಾಡಲೂ ಪುರಸೊತ್ತಿಲ್ಲ.

೧. ಬಸ್ಸಿಗೆ, ಬೈಕಿಗಲ್ಲ

ಆ ದಾರಿಯ ಹಳ್ಳಿಯೊಂದರ ರೈತ. ಬಸ್ಸಿನ ಚಕ್ರ ಹರಿದು ಕಾಳು ಬಿಡಲೆಂದು ಹುರುಳಿ ಗಿಡವನ್ನು ಟಾರು ರಸ್ತೆಗೆ ಹಾಸಿದ್ದ. ಬೈಕಿನವನೊಬ್ಬ ಜಾರಿಬಿದ್ದು ಕೈ ಮುರಿದುಕೊಂಡ. ಜನರ ಜೀವಕ್ಕೆ ಅಪಾಯ ತಂದ ನಿರ್ಲಕ್ಷ್ಯ ಅಂತ ಕೇಸಾಯಿತು.

"ಜೈಲಾಯ್ತದಾ ಅವ್ವ? ನಾನಿಲ್ದಿದ್ರೆ ನಮ್ ಅಸು ಬ್ಯಾರೆ ಯಾರ್ಗೂ ಆಲು ಕೊಡಕ್ಕಿಲ್ಲ" ಅಂತ ಕಣ್ಣೊರೆಸಿಕೊಂಡ. ಪಾಪ ಅನ್ನಿಸಿತು.

"ಜನ ಬೀಳ್ತಾರೆ ಅಂತ ಗೊತ್ತಿರಲಿಲ್ವೇನಯ್ಯಾ?"

"ನಾನ್ ಆಕಿದ್ದು ಬಸ್ಸಿಗೆ ಕಣವ್ವ, ಬೈಕಿಗಲ್ಲ!"

೨. ಪೊಲೀಸ್ ಜೀಪು

ಆರೋಪಿಗೆ ಪಶ್ಚಾತ್ತಾಪವೇ ಇಲ್ಲ ಅಂತ ಪೊಲೀಸರು ಬರೆದಿದ್ದರು. ಯಾಕೆಂದರೆ, ಮಹಜರಿಗೆ ಬಂದ ಜೀಪು ಹುರುಳಿ ಮೇಲೆ ಹಾದದ್ದೇ ತಡ, ಇವನು ಕೈಮುಗಿದು, "ಸಾ, ಇನ್ನೊಂದ್ ಕಿತ ಇಂದಕ್ಕೆ ತಗೀರಿ, ಈ ಕಡೆ ಕಾಯಿ ಒಡ್ದಿಲ್ಲ" ಅಂದಿದ್ದನಂತೆ.

ನಾನು ತಲೆ ಚಚ್ಚಿಕೊಂಡೆ. "ಅವರೇನು ಮಾಡಿದರು?"

"ಎಲ್ಡ್ ಕಿತ ತಗುದ್ರು ಕಣವ್ವ, ಪುಣ್ಯಾತ್ಮರು."

೩. ನನ್ನ ವಾದ

ಮರುವರ್ಷ ವಿಚಾರಣೆ. ಬಿದ್ದಾಗ ಒಂದು ಕೈಯಲ್ಲಿ ಫೋನಿತ್ತು ಅಂತ ಬೈಕಿನವನ ಬಾಯಿಂದಲೇ ಹೊರಡಿಸಿದೆ. ಅಷ್ಟು ಸಿಕ್ಕರೆ ಬಿಡುತ್ತೇನೆಯೇ?

"ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಜೋಪಾನವಾಗಿ ಬರುವವರು ಹುರುಳಿ ಮೇಲೆ ಬೀಳುವುದೇ ಇಲ್ಲ ಸ್ವಾಮಿ!"

ಕಟಕಟೆಯಲ್ಲಿ ಇವನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಬಿಡುಗಡೆಯಾಯಿತು. ಇನ್ನು ಮೇಲೆ ಹೊಲದಲ್ಲೇ ಕಣ ಮಾಡು ಅಂತ ಜಡ್ಜ್ ಬುದ್ಧಿ ಹೇಳಿದರು.

"ಅಲ್ಲಿಗೆ ಬಸ್ ಬರಕ್ಕಿಲ್ವಲ್ಲ ಸ್ವಾಮಿ!"

೪. ನನ್ನ ಮೊಣಕಾಲು

ಮುಂದಿನ ವಾರ ಹೊಳೆನರಸೀಪುರಕ್ಕೆ ತಡವಾಗಿ ಧಾವಿಸುತ್ತಿದ್ದೆ. ಅವನ ಹಳ್ಳಿಯ ತಿರುವಿನಲ್ಲಿ ರಸ್ತೆ ತುಂಬ ಹುರುಳಿ. ಬ್ರೇಕ್ ಹಿಡಿದೆ. ಸ್ಕೂಟರ್ ಒಂದು ಕಡೆ, ನಾನು ಒಂದು ಕಡೆ. ಮೊಣಕಾಲು ತರಚಿಹೋಗಿ ರಕ್ತ ಸುರಿಯಿತು, ಕರಿ ಕೋಟೆಲ್ಲ ಹೊಟ್ಟು. ಇವನು ಓಡಿಬಂದು ಎಬ್ಬಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು.

"ಮತ್ತೆ ರಸ್ತೆಗೇ ಹಾಕಿದ್ದೀಯಲ್ಲೋ! ಬುದ್ಧಿ ಇದೆಯಾ?"

"ಜೋಪಾನ್ವಾಗಿ ಬರೋರು ಬೀಳಾಕಿಲ್ಲ ಅಂತ ನೀವೇ ಏಳಿದ್ರಲ್ಲವ್ವ, ಅದ್ಕೇ ಧೈರ್ಯವಾಗ್ ಆಕ್ದೆ" ಅಂದವನ ಕಣ್ಣು ನನ್ನ ಎಡಗೈ ಮೇಲೆ ನಿಂತಿತು. ಅರ್ಧ ತಿಂದ ಬಾಳೆಹಣ್ಣು ಇನ್ನೂ ಅಲ್ಲೇ ಇತ್ತು.

ನಾನು ಅದನ್ನು ಮೆಲ್ಲಗೆ ಕೋಟಿನ ಜೇಬಿಗೆ ಸೇರಿಸಿದೆ. ಅವನ ಮುಖ ಮಾತ್ರ ಬಾಡಿತ್ತು. ಮತ್ತೆ ಅದೇ ಹಸುವಿನ ಚಿಂತೆ.

"ಕೇಸ್ ಆಕ್ತೀರಾ ಅವ್ವ?" ಅಂತ ಅಂಜುತ್ತಾ ಕೇಳಿದ. "ಆಕಿದ್ರೂ ಆಕಿ. ಆದ್ರೆ ನನ್ ಕಡೆ ಲಾಯರ್ ಮಾತ್ರ ನೀವೇ ಆಗ್ಬೇಕು!"