ಗುಂಡಿನ ಕೆಲಸದವನ ಮದುವೆ ಮಾತು

ಬೇರೆಯವರಿಗೆ ಶನಿಕಾಟ ಏಳೂವರೆ ವರ್ಷಕ್ಕೆ ಮುಗಿಯುತ್ತದಂತೆ. ನನ್ನ ಬೆನ್ನು ಹತ್ತಿದ ಶನಿಗೆ ಪಂಚಾಂಗ ನೋಡುವ ಅಭ್ಯಾಸವೇ ಇಲ್ಲ.

ಎಂಬತ್ತರ ದಶಕದ ಮಾತು. ಕುವೈತಿನಲ್ಲಿ ನನ್ನ ಕಫೀಲನಿಗೆ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬ್ಬಿ ಧಣಿಗೆ, ರೈಫಲ್ ಹುಚ್ಚು. ಅಂಗಡಿಯಲ್ಲಿ ಸಿಗುವ ತೋಟಾ ಅವನಿಗೆ ಸೇರದು. ರಾಯ್ ಎಂಬಲ್ಲಿದ್ದ ಅವನ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಕೂತು, ಖಾಲಿ ಹಿತ್ತಾಳೆ ಕೊಳವೆಗೆ ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಕೂರಿಸಿ, ಶುಕ್ರವಾರ ಮರಳುಗಾಡಿನ ಶೂಟಿಂಗ್ ರೇಂಜಿನಲ್ಲಿ ಪರೀಕ್ಷೆ ಮಾಡಿಸುವುದು ನನ್ನ ಕೆಲಸ. ವಯಸ್ಸು ಮೂವತ್ತಾರು. ಮೈಸೂರಿನಲ್ಲಿ ಅಮ್ಮ ಹರಸಾಹಸ ಮಾಡಿ ಒಂದು ಸಂಬಂಧ ಹುಡುಕಿದ್ದಳು. ಇದೂ ತಪ್ಪಿದರೆ ನಾನು ಬ್ರಹ್ಮಚಾರಿಯೇ ಎಂದು ಇಬ್ಬರಿಗೂ ಗೊತ್ತಿತ್ತು.

ಮದ್ದು

ನಾನಿದ್ದ ಮೈದಾನ್ ಹವಲ್ಲಿ ಬಡಾವಣೆಯಲ್ಲಿ ಪಕ್ಕದ ಮನೆಯಾಕೆ ಮಂಗಳೂರು ಕಡೆಯವರು. "ಎಂಥ ಕೆಲಸ ನಿಮ್ಗೆ?" ಎಂದರು.

"ಮದ್ದು ತೂಗೋದು" ಎಂದೆ.

ಸಂಜೆಗೆ ಮಗಳನ್ನು ಎಳೆದುಕೊಂಡು ಬಂದರು. "ಇವಳಿಗೆ ಕೆಮ್ಮು ಮಾರಾಯ್ರೆ, ಒಂಚೂರು ಕೊಡಿ."

"ಅಯ್ಯೋ, ಅದು ಕುಡಿಯೋ ಮದ್ದಲ್ಲಮ್ಮ, ಸಿಡಿಯೋ ಮದ್ದು!"

"ಪರ್ವಾಗಿಲ್ಲ, ಕೊಡಿ. ಕಫ ಗಟ್ಟಿ ಉಂಟು."

ಕೊನೆಗೆ ಹಿತ್ತಾಳೆ ಕೊಳವೆ ತೋರಿಸಿ ತಿಳಿಸಿ ಹೇಳುವಷ್ಟರಲ್ಲಿ ನನಗೇ ಕೆಮ್ಮು ಬಂತು.

ನಾಣ್ಯದಗಲ

ಹೆಣ್ಣು ನೋಡಲು ಊರಿಗೆ ಹೋಗಬೇಕು, ರಜೆ ಕೊಡಿ ಎಂದು ಕಫೀಲನ ಬಳಿ ಅಂಗಲಾಚಿದೆ. ಅವನು ನೂರು ಫಿಲ್ಸ್‌ನ ನಾಣ್ಯ ತೆಗೆದು, "ಐದು ಗುಂಡೂ ಇಷ್ಟಗಲದಲ್ಲಿ ಬೀಳಲಿ, ಹೋಗು" ಎಂದ.

ಉಸಿರು ತಾಗಿದರೆ ತಕ್ಕಡಿ ಅಲ್ಲಾಡುತ್ತದೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು ತೂಗಿದೆ. ಬಿಸಿಲಿಗೆ ಮದ್ದು ಕಾದರೆ ಗುಂಡು ಗುರಿಗಿಂತ ಮೇಲೆ ಬೀಳುತ್ತದೆಂದು ಡಬ್ಬಿಗೆ ಒದ್ದೆ ಟವೆಲ್ ಸುತ್ತಿ ಮಗುವಿನ ಹಾಗೆ ರೇಂಜಿಗೆ ಎತ್ತಿಕೊಂಡು ಹೋದೆ. ಕಫೀಲ್ ಹೊಡೆದ. ಐದೂ ನಾಣ್ಯದೊಳಗೆ! ನಾನು ಕುಣಿದೇಬಿಟ್ಟೆ.

ಅವನು ಬಿಗಿಯಾಗಿ ಅಪ್ಪಿಕೊಂಡು ಹೇಳಿದ: "ಇಂಥಾ ಕೈಯನ್ನು ಊರಿಗೆ ಕಳಿಸೋದಾ? ರಜೆ ಖಲಾಸ್!"

ಗುಂಡು

ನನಗೆ ಹೋಗಲಾಗಲಿಲ್ಲವಲ್ಲ, ಕುವೈತಿನಲ್ಲೇ ರಿಗ್ಗೈ ಎಂಬಲ್ಲಿ ಮನೆ ಮಾಡಿಕೊಂಡಿದ್ದ ಸೋದರಮಾವನೇ ಹುಡುಗಿಯ ಕಡೆಯಿಂದ ನನ್ನನ್ನು ನೋಡಲು ಬಂದರು. ಬ್ಯಾಂಕಿನಲ್ಲಿ ಅಧಿಕಾರಿ. ನನಗೆ ವರ್ಕ್‌ಶಾಪಿನಲ್ಲಿ ಕೆಲಸ ಎಂದಷ್ಟೇ ಅಮ್ಮ ತಿಳಿಸಿದ್ದಳು. ಜೊತೆಗಿರಲೆಂದು ಪಕ್ಕದ ಮನೆಯಾಕೆಯನ್ನು ಕರೆದು, ನಾನು ಕಾಫಿಗೆಂದು ಒಳಗೆ ಹೋದೆ.

ಆಕೆ ಮನಸಾರೆ ಹೊಗಳುತ್ತಿದ್ದರು. "ಗುಂಡು ಅಂದ್ರೆ ಇವರದ್ದೇ! ಅಂಗಡಿದ್ದು ಮುಟ್ಟುದಿಲ್ಲ, ಸ್ವಂತ ಕೈಯಲ್ಲೇ ತಯಾರು ಮಾಡುದು. ಕಫೀಲನಿಗೂ ಇವರದ್ದೇ ಆಗ್ಬೇಕು. ಶುಕ್ರವಾರ ಇಬ್ರೂ ಮರಳುಗಾಡಿಗೆ ಹೋಗಿ ಅಷ್ಟನ್ನೂ ಖಾಲಿ ಮಾಡಿ ಬರುದು."

ನಾನು ಕಾಫಿ ತಂದಾಗ ಮಾವನವರ ಮುಖ ಹುಳ್ಳಗಾಗಿತ್ತು. "ಎಷ್ಟು ವರ್ಷದಿಂದ?" ಎಂದರು.

"ಎಂಟು ವರ್ಷ ಸರ್. ಈಗ ಕೈ ಪಳಗಿದೆ."

"ಬಿಡೋ ಯೋಚನೆ ಇಲ್ವಾ?"

"ಬಿಟ್ರೆ ಇಕಾಮಾ ರದ್ದು ಮಾಡಿ ಊರಿಗೇ ಕಳಿಸ್ತಾರೆ ಸರ್!"

ಅವರು ಕಾಫಿ ಮುಟ್ಟದೆ ಎದ್ದು ಹೋದರು. ಏನಾಯಿತೆಂದು ಆಮೇಲೆ ಹೊಳೆಯಿತು. ಮದ್ಯ ನಿಷೇಧವಿದ್ದ ಆ ದೇಶದಲ್ಲಿ ಒಂದು ತೊಟ್ಟೂ ಬಾಯಿಗೆ ಹಾಕದ ನಾನು ಕುಡುಕನಾಗಿಬಿಟ್ಟಿದ್ದೆ! ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಖಾಲಿ ಕೊಳವೆಯೊಂದನ್ನು ಜೇಬಿಗೆ ಹಾಕಿಕೊಂಡು ರಿಗ್ಗೈಗೆ ಓಡಿ, ಅವರ ಟೀಪಾಯಿಯ ಮೇಲಿಟ್ಟೆ.

"ನೋಡಿ ಸರ್, ಗುಂಡು ಅಂದ್ರೆ ಇದು! ಬಂದೂಕಿಂದು. ದೇವರಾಣೆಗೂ ನಾನು ಕುಡಿಯೋನಲ್ಲ."

ಮಾವನವರು ಕೊಳವೆ ನೋಡಿದರು, ನನ್ನನ್ನು ನೋಡಿದರು, ತಲೆ ಮೇಲೆ ಕೈಹೊತ್ತರು.

"ಎಂಥಾ ಕೆಲಸ ಮಾಡಿಬಿಟ್ರಿ! ಹುಡುಗ ಕುಡೀತಾನೆ, ಮದುವೆ ಆದ್ರೆ ಬಿಡ್ತಾನೆ ಅಂತ ನಿನ್ನೆ ತಾನೇ ಟ್ರಂಕ್ ಕಾಲ್ ಮಾಡಿ ನಮ್ಮಕ್ಕನ್ನ ಒಪ್ಪಿಸಿದ್ದೆ. ಬಂದೂಕಿನವನಿಗೆ ಹೆಣ್ಣು ಕೊಡು ಅಂತ ಈಗ ಯಾವ ಬಾಯಲ್ಲಿ ಹೇಳ್ಲಿ ರೀ?"