ಬಾಯ್ಲರ್‌ನ ಕೊಳೆ ನೀರು: ವಾರಕ್ಕೆ ಒಬ್ಬರೇ, ಒಂದೇ ಬಕೆಟ್

ನೆಲಮಾಳಿಗೆ ಉಗಿ ವಿಭಾಗ
ಮೂರು ಮಹಡಿ ಮನೆ, ವರ್ನನ್ ಹಿಲ್, ವೂಸ್ಟರ್, ಮ್ಯಾಸಚೂಸೆಟ್ಸ್

ಸಂಖ್ಯೆ: ನೆಉವಿ/ಕೊಳೆ/ಬಕೆಟ್/4
ದಿನಾಂಕ: ಜನವರಿಯ ಎರಡನೇ ಸೋಮವಾರ

ಸುತ್ತೋಲೆ

ವಿಷಯ: ಉಗಿ ಬಾಯ್ಲರ್‌ನ ಕೊಳೆ ನೀರು ಹೊರಬಿಡುವಲ್ಲಿ ಕಂಡುಬಂದಿರುವ ಅತಿಯಾದ ಸೌಜನ್ಯವನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ:
(ಅ) ಮೂರನೇ ಮಹಡಿಯ ಶ್ರೀಮತಿ ಅಲ್ಡೋನಾ ಗ್ರಿಗೈಟಿಸ್ ಅವರು ಶನಿವಾರ ಬೆಳಿಗ್ಗೆ ಮೆಟ್ಟಿಲ ಮೇಲಿನಿಂದ ಸಲ್ಲಿಸಿದ ಮೌಖಿಕ ದೂರು: "ರೇಡಿಯೇಟರ್ ಐಸಾಗಿ ಕೂತಿದೆ, ಉಬ್ಬಲಿ ಅಂತ ಅದರ ಮೇಲಿಟ್ಟ ಹಿಟ್ಟು ಕಲ್ಲಾಗಿ ಕೂತಿದೆ. ಇದು ಸರಿಹೋಗೋವರೆಗೂ ಯಾರಿಗೂ ಬ್ರೆಡ್ ಇಲ್ಲ. ಕೇಳಿಸ್ತೇನ್ರಪ್ಪಾ?"
(ಆ) ಒಂದನೇ ಮಹಡಿಯ ಶ್ರೀ ಲಾಜರ್ ಪ್ರಿಫ್ಟಿ ಅವರ ಉತ್ತರ: "ಕೇಳಿಸ್ತು ಅಜ್ಜಿ, ಇಡೀ ಬೀದಿಗೇ ಕೇಳಿಸ್ತು."

ಬಾಯ್ಲರ್‌ನ ತಳದಲ್ಲಿ ತುಕ್ಕು, ಕೆಸರು ಸೇರುವುದರಿಂದ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹೊರಬಿಟ್ಟು, ಅಷ್ಟೇ ಹೊಸ ನೀರು ತುಂಬುವುದು ವಾಡಿಕೆ. ಹೊರಬಿಡದಿದ್ದರೆ ಕೊಳವೆಗಳು ಬಡಿದುಕೊಳ್ಳುತ್ತವೆ. ಕೋಣೆಗಳನ್ನು ಬೆಚ್ಚಗಿಡುವ ಉಗಿ ಮೇಲಿನ ಮಹಡಿಯ ರೇಡಿಯೇಟರ್‌ಗೆ ತಡವಾಗಿ ತಲುಪುತ್ತದೆ.

ಈ ಮನೆಯಲ್ಲಿ ಹಿಮ ಬಿದ್ದಾಗ ಮೊದಲು ಎದ್ದವರು ಎಲ್ಲರ ಪಾಲಿನ ಹಿಮವನ್ನೂ ಬಾಚಿ, ಯಾರಿಗೂ ಹೇಳದೆ ಒಳಗೆ ಹೋಗುವ ಪದ್ಧತಿ ಇರುತ್ತದೆ. ಕಳೆದ ವಾರ ಇದೇ ಪದ್ಧತಿಯನ್ನು ಬಾಯ್ಲರ್‌ಗೂ ಅನ್ವಯಿಸಿರುವುದು ವಿಚಾರಣೆಯಿಂದ ತಿಳಿದುಬಂದಿದೆ. ಶ್ರೀ ಪ್ರಿಫ್ಟಿ ಒಂದು ಬಕೆಟ್ ಹೊರಬಿಟ್ಟರು. ಎರಡನೇ ಮಹಡಿಯ ಶ್ರೀ ಡೆಸ್ಮಂಡ್ ಟಿಯರ್ನಿ (ಈ ವಿಭಾಗದ ಮುಖ್ಯಾಧಿಕಾರಿ) ಇನ್ನೊಂದು ಹೊರಬಿಟ್ಟರು. ಮೂರನೆಯವರ ಹೆಸರನ್ನು ಬ್ರೆಡ್ಡಿನ ಹಿತದೃಷ್ಟಿಯಿಂದ ಇಲ್ಲಿ ನಮೂದಿಸಿರುವುದಿಲ್ಲ. ತುಂಬುವ ಕೆಲಸವನ್ನು ಮೂವರೂ ಪರಸ್ಪರ ಗೌರವದಿಂದ ಬೇರೆಯವರಿಗೆ ಬಿಟ್ಟಿದ್ದರಿಂದ ನೀರು ತಗ್ಗಿ, ಬಾಯ್ಲರ್ ನಿಯಮದಂತೆ ತನ್ನ ಬೆಂಕಿಯನ್ನು ತಾನೇ ಆರಿಸಿಕೊಂಡಿದೆ. ಇಡೀ ಘಟನೆಯಲ್ಲಿ ನಿಯಮ ಪಾಲಿಸಿದ್ದು ಅದೊಂದೇ.

ಬಾಯ್ಲರ್ ತಣ್ಣಗಾದ ನಂತರ ನೀರು ತುಂಬಿ ಮತ್ತೆ ಹೊತ್ತಿಸಲಾಗಿದೆ. ಶ್ರೀಮತಿ ಗ್ರಿಗೈಟಿಸ್ ಅವರ ಮುಂದಿನ ಶನಿವಾರದ ರೈ ಧಾನ್ಯದ ಬ್ರೆಡ್ ಅಪಾಯದಲ್ಲಿರುವುದರಿಂದ ಎಲ್ಲ ನಿವಾಸಿಗಳಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಬಾಯ್ಲರ್‌ಗೆ ಸಂಬಂಧಿಸಿದಂತೆ ಸದ್ದಿಲ್ಲದೆ ಉಪಕಾರ ಮಾಡುವುದನ್ನು ತಕ್ಷಣದಿಂದ ನಿಷೇಧಿಸಲಾಗಿದೆ. ಉಪಕಾರ ಮಾಡಿದವರು ಮೆಟ್ಟಿಲ ಬುಡದಲ್ಲಿ ನಿಂತು ಗಟ್ಟಿಯಾಗಿ ಜಂಬ ಕೊಚ್ಚಿಕೊಳ್ಳತಕ್ಕದ್ದು.

2. ನೀರು ಹೊರಬಿಟ್ಟವರೇ ನೀರು ತುಂಬತಕ್ಕದ್ದು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಅರ್ಧಕ್ಕೆ ಬರುವವರೆಗೆ ಅಲ್ಲೇ ಇರತಕ್ಕದ್ದು. ಆ ಅವಧಿಯಲ್ಲಿ ಶಿಳ್ಳೆ ಹಾಕಬಹುದು.

3. ಮೊದಲು ಬರುವ ನೀರು ಬೀದಿ ತುದಿಯ ಡೋನಟ್ ಅಂಗಡಿಯ ಕಪ್ಪು ಕಾಫಿಯಂತಿರುತ್ತದೆ. ಅದು ಶ್ರೀ ಪ್ರಿಫ್ಟಿ ಅವರ ಮನೆಯ ಚಹಾದಷ್ಟು ತಿಳಿಯಾದಾಗ ನಲ್ಲಿ ಮುಚ್ಚತಕ್ಕದ್ದು. "ನಮ್ಮನೆ ಚಹಾಗೇನಾಗಿದೆ? ಕುಡಿಯೋವಾಗ ಸುಮ್ನೆ ಕುಡಿದ್ರಲ್ಲ!" ಎಂಬ ಅವರ ಆಕ್ಷೇಪಣೆಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ.

4. ಬೀದಿಯಲ್ಲಿ ಹಿಮ ಬಾಚಿ ಮಾಡಿಕೊಂಡ ಕಾರು ನಿಲ್ಲಿಸುವ ಜಾಗದಲ್ಲಿ ಮಡಚುವ ಕುರ್ಚಿ ಇಟ್ಟರೆ ಈ ಊರಿನಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಸದರಿ ಭಯಭಕ್ತಿಯನ್ನು ಬಳಸಿಕೊಂಡು, ನೀರು ಬಿಟ್ಟು ತುಂಬಿದವರು ಬಾಯ್ಲರ್ ಮುಂದೆ ಮುಖ್ಯಾಧಿಕಾರಿಗಳ ಹಸಿರು ಕುರ್ಚಿಯನ್ನು ಇಡತಕ್ಕದ್ದು. ಕುರ್ಚಿ ಇದ್ದರೆ ಆ ವಾರದ ಕೆಲಸ ಮುಗಿದಿದೆ ಎಂದರ್ಥ. ಮುಂದಿನ ಸೋಮವಾರದವರೆಗೆ ಯಾವುದೇ ಕಾರಣಕ್ಕೂ, ಯಾವುದೇ ಹುದ್ದೆಯವರೂ ಅದನ್ನು ಕದಲಿಸುವಂತಿಲ್ಲ.

5. ಬಕೆಟ್ ಹೊರಗೆ ಒಯ್ಯುವಾಗ ಎದುರಾದವರಿಗೆ ಕೆಸರನ್ನು ತೋರಿಸುವುದು ಕಡ್ಡಾಯ. ನೋಡಿದವರು "ಅಬ್ಬಬ್ಬಾ, ಇಷ್ಟೊಂದಾ!" ಎನ್ನತಕ್ಕದ್ದು. ಬಿಸಿ ನೀರಾದ್ದರಿಂದ ಬೆರಳು ಅದ್ದಿ ನೋಡುವಂತಿಲ್ಲ. ಶ್ರೀ ಟಿಯರ್ನಿ ಈಗಾಗಲೇ ನೋಡಿದ್ದಾರೆ.

6. ಕೊಳವೆ ಬಡಿದುಕೊಂಡಾಗ ಪೊರಕೆ ಕೋಲಿನಿಂದ ತಿರುಗಿ ಬಡಿಯುವುದನ್ನು ವಿಭಾಗದೊಂದಿಗಿನ ಅಧಿಕೃತ ಪತ್ರವ್ಯವಹಾರ ಎಂದು ಪರಿಗಣಿಸಲಾಗುವುದಿಲ್ಲ.

(ಸಹಿ ಅಸ್ಪಷ್ಟ, ಕೈಗವಸು ತೊಟ್ಟು ಮಾಡಲಾಗಿದೆ)
ಮುಖ್ಯಾಧಿಕಾರಿ
ನೆಲಮಾಳಿಗೆ ಉಗಿ ವಿಭಾಗ

ಪ್ರತಿಗಳು:
1. ಶ್ರೀ ಪ್ರಿಫ್ಟಿ: ಮಾಹಿತಿಗಾಗಿ, ಚಹಾ ಗಟ್ಟಿ ಮಾಡುವ ಸಲಹೆಯೊಂದಿಗೆ.
2. ಬಾಯ್ಲರ್: ಮೈಮೇಲೆ ಅಂಟಿಸಲು. ಅಂಟು ಕರಗಿ ಎರಡು ಬಾರಿ ಬಿದ್ದಿದೆ.
3. ಬಕೆಟ್: ಮೇಲಿನ ಪ್ರತಿ ಎರಡೂ ಬಾರಿ ಬಿದ್ದದ್ದು ಇದರೊಳಗೇ.
4. ಶ್ರೀಮತಿ ಗ್ರಿಗೈಟಿಸ್: ಬ್ರೆಡ್ ನಿರ್ಬಂಧವನ್ನು ಮರುಪರಿಶೀಲಿಸುವಂತೆ ವಿನಯಪೂರ್ವಕ ಕೋರಿಕೆಯೊಂದಿಗೆ.

ಷರಾ (ಶನಿವಾರ): ಪ್ರತಿ 4 ಹಿಂದಿರುಗಿದೆ. ಅದರ ಹಿಂಬದಿಯಲ್ಲಿ ಹೀಗಿದೆ: "ರೇಡಿಯೇಟರ್ ಬೆಚ್ಚಗಿದೆ, ಹಿಟ್ಟು ಉಬ್ಬಿದೆ. ಇಬ್ಬರೂ ಬನ್ನಿ, ಬೆಣ್ಣೆ ತನ್ನಿ. ಟಿಯರ್ನಿ, ನಿನ್ನ ಹಸಿರು ಕುರ್ಚಿನೂ ತಗೊಂಡು ಬಾರಪ್ಪ, ನನ್ನತ್ರ ಇರೋದು ಎರಡೇ." ಕಲಂ 4ರ ಅನ್ವಯ ಬಾಯ್ಲರ್ ಮುಂದಿರುವ ಸದರಿ ಕುರ್ಚಿಯನ್ನು ಸೋಮವಾರದವರೆಗೆ ಕದಲಿಸಲು ಅವಕಾಶವಿರುವುದಿಲ್ಲ. ಆದ್ದರಿಂದ ಮುಖ್ಯಾಧಿಕಾರಿಗಳು ನಿಂತುಕೊಂಡೇ ತಿನ್ನತಕ್ಕದ್ದೆಂದು ಮುಖ್ಯಾಧಿಕಾರಿಗಳ ಆದೇಶಾನುಸಾರ ತಿಳಿಸಲಾಗಿದೆ.