ಉಸಿರು ಬಿಗಿಹಿಡಿದು ಕೊಟ್ಟ ಅಳತೆ

ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳನ್ನು ಕಂಡರೆ ನನಗಾಗದು. ಟೇಪಿಗೆ ಸುಳ್ಳು ಹೇಳಿ, ಆಮೇಲೆ ಷರಟು ಬಿಗಿಯೆಂದು ದರ್ಜಿಯನ್ನು ಬೈಯುವ ಜನ. "ಉಸಿರು ಬಿಡಿ ಸ್ವಾಮಿ, ನಿಮ್ಮ ಹೊಟ್ಟೆ ನಮಗೂ ಗೊತ್ತು" ಎಂದು ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ.

ಇಂಥ ನಾನು ಸಕ್ಕರೆ ಕಾಯಿಲೆಯವನು. ಪರೀಕ್ಷೆಗೆ ರಕ್ತ ಕೊಡುವ ದಿನ ಹತ್ತಿರ ಬಂತೆಂದರೆ ನಾಲ್ಕು ದಿನ ಘನಘೋರ ಇಂದ್ರಿಯನಿಗ್ರಹ. ಐದನೆಯ ದಿನ ಖಾಲಿ ಹೊಟ್ಟೆಯಲ್ಲಿ ಹೋಗಿ ಕೈ ಚಾಚುತ್ತೇನೆ, ಫಲಿತಾಂಶ ಚೊಕ್ಕವಾಗಿ ಬರುತ್ತದೆ. ಆರನೆಯ ದಿನದಿಂದ ಎದುರಂಗಡಿಯ ಸಕ್ಕರೆ ಟೀ ಮತ್ತು ನನ್ನ ಅಂಗಡಿಯ ಹಳೇ ಗುಂಡಿ ಡಬ್ಬಿಯಲ್ಲಿರುವ ಪೆಪ್ಪರ್‌ಮೆಂಟು ಪುನಃ ನನ್ನವು. (ಬಿಳಿ ಗುಂಡಿಗಳ ನಡುವೆ ಬಿಳಿ ಪೆಪ್ಪರ್‌ಮೆಂಟು ಹೆಂಡತಿಯ ಕಣ್ಣಿಗೆ ಬೀಳುವುದಿಲ್ಲ.)

ಈ ಸಲ ಡಾಕ್ಟರು ಹೊಸದೊಂದು ಪರೀಕ್ಷೆ ಬರೆದು, ತಿಂಡಿ ತಿಂದುಕೊಂಡೇ ಹೋಗಿ ರಕ್ತ ಕೊಡಬಹುದು ಎಂದರು. ಪಾಪ, ಎಷ್ಟು ಮುಗ್ಧರು ಅಂದುಕೊಂಡೆ.

"ಒಂಬತ್ತು ಪಾಯಿಂಟ್ ನಾಲ್ಕು. ಏಳರ ಒಳಗಿರಬೇಕಿತ್ತು," ಎಂದರು ವರದಿ ನೋಡಿ.

"ನಾಲ್ಕು ದಿನದಿಂದ ಸಕ್ಕರೆ ಮುಟ್ಟಿಲ್ಲ ಡಾಕ್ಟ್ರೇ."

"ಇದು ನಾಲ್ಕು ದಿನದ ಲೆಕ್ಕ ಅಲ್ಲ. ಹೆಚ್ಚುಕಮ್ಮಿ ಮೂರು ತಿಂಗಳ ಸರಾಸರಿ. ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆ ಆ ಕಣ ಸಾಯೋವರೆಗೂ ಬಿಡಲ್ಲ. ಹೀಗೇ ಇದ್ರೆ ಕಣ್ಣಿಗೆ ಪೆಟ್ಟು ಬೀಳುತ್ತೆ."

'ಇವರು ಸಿಹಿ ಮುಟ್ಟೋದೇ ಇಲ್ಲ' ಎಂದು ಆಗಷ್ಟೇ ಸಾಕ್ಷಿ ಹೇಳಿದ್ದ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಒಂದು ವರ್ಷದಿಂದ ನನ್ನ ಸೂಜಿಗೆ ದಾರ ಪೋಣಿಸಿ ಕೊಡುತ್ತಿರುವವಳು ಅವಳೇ. ಕಣ್ಣು ಹೋದ ದರ್ಜಿ ಏನು ಹೊಲಿದಾನು? ನಿಜವಾಗಿಯೂ ಹೆದರಿಕೆಯಾಯಿತು.

ಹೆದರಿಕೆಗೆ ಬಾಯಿ ಒಣಗಿತು. ಅಂಗಡಿಗೆ ಬಂದವನೇ, ಅವಳು ನನಗೆ ಬೆನ್ನು ತಿರುಗಿಸಿದ್ದಾಗ, ಅಭ್ಯಾಸಬಲದಿಂದ ಡಬ್ಬಿಗೆ ಕೈ ಹಾಕಿದೆ. ಬಿಳಿಯದೊಂದನ್ನು ಕಣ್ಣಿನ ಹತ್ತಿರ ಹಿಡಿದು, ನೋಡಿ, ಖಾತ್ರಿ ಮಾಡಿಕೊಂಡು, ಬಾಯಿಗೆ ಹಾಕಿ ಕಡಿದೆ. ಕಟಕ್ ಎಂದದ್ದು ನನ್ನ ಹಲ್ಲು.

"ಏನದು? ಉಗೀರಿ," ಎಂದು ಹೆಂಡತಿ ಅಂಗೈ ಒಡ್ಡಿದಳು. ಷರಟಿನ ಗುಂಡಿ ಬಿತ್ತು. ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ನನ್ನ ಮೂರು ತಿಂಗಳ ಸರಾಸರಿ ಉರುಳಿಕೊಂಡು ಬಂತು.

"ನಾಲ್ಕು ತೂತಿನ ಗುಂಡಿ ರೀ. ಅದೂ ಕಾಣ್ಲಿಲ್ವಾ ನಿಮಗೆ?"

ಬೈದಿದ್ದರೆ ಏನಾದರೂ ಬದಲು ಹೇಳುತ್ತಿದ್ದೆ. ಅವಳ ದನಿ ನಡುಗುತ್ತಿತ್ತು.

"ಕಾಣ್ಲಿಲ್ಲ ಕಣೇ," ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕೊರಳಲ್ಲಿದ್ದ ಟೇಪು ತೆಗೆದುಕೊಂಡು, ಅಳತೆ ಪುಸ್ತಕ ಬಿಚ್ಚಿ ನನ್ನ ಹೆಸರು ಬರೆದಳು. ಡೆಲಿವರಿ ತಾರೀಖು ಇರುವಲ್ಲಿ ಮೂರು ತಿಂಗಳು ಮುಂದಿನ ದಿನ ಹಾಕಿದಳು. ಟೇಪು ಸೊಂಟ ಸುತ್ತುತ್ತಿದ್ದಂತೆ ನಾನು ಹೊಟ್ಟೆ ಒಳಗೆಳೆದುಕೊಂಡೆ.

"ಉಸಿರು ಬಿಡಿ ಸ್ವಾಮಿ," ಎಂದಳು. "ನಿಮ್ಮ ಹೊಟ್ಟೆ ನಮಗೂ ಗೊತ್ತು."